ಗುಂಡು ಹಾರಿಸದ ಸಿಪಾಯಿಯ ಹಿಂದೆ ಯಾರು ನಿಲ್ಲಬೇಕು?

(ಪೆಷಾವರದ ನೆನಪಿಗಾಗಿ ಏಪ್ರಿಲ್ ೨೩ರ ಸಂಜೆ ಪಕ್ಷದ ಕಚೇರಿಯ ಮುಂದಿನ ಬಯಲಿನಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಈ ಸಭೆಯ ಕರಪತ್ರಗಳನ್ನು ಹಂಚುತ್ತ ನಾನು ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಹೋಗಿದ್ದೆ. ಅಲ್ಲಿ ಕಾಫಿ ಕುಡಿಯುತ್ತಿದ್ದ ಹಿರಿಯರೊಬ್ಬರು ಕರಪತ್ರವನ್ನು ಎರಡು ಸಲ ಓದಿ ನನ್ನನ್ನು ಹತ್ತಿರ ಕರೆದರು. ಅವರು ಸೈನ್ಯದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. "ಮೇಷ್ಟ್ರೆ, ಮೇಲಿನವರ ಅಪ್ಪಣೆ ಮೀರಿದ ಸಿಪಾಯಿಗೆ ನೀವು ಸಭೆ ಮಾಡಿ ಹಾರ ಹಾಕುವುದಾದರೆ ನಾಳೆ ಗಡಿ ಕಾಯುವವರು ಯಾರು?" ಎಂದು ಕೇಳಿದರು. ಹೋಟೆಲಿನಲ್ಲಿ ನಿಂತು ಉತ್ತರ ಕೊಡುವ ಪ್ರಶ್ನೆ ಅದಲ್ಲ. "ತಾವು ಸಭೆಗೆ ಬನ್ನಿ, ಅಲ್ಲಿ ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಾವು ತಿದ್ದಿ" ಎಂದೆ. ಅವರು ಬಂದಿದ್ದಾರೆ, ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಇಂದು ನಾನು ಹೇಳುವುದೆಲ್ಲ ಅವರ ಪ್ರಶ್ನೆಗೆ ಉತ್ತರವೆಂದೇ ತಾವೆಲ್ಲರೂ ತಿಳಿಯಬೇಕು.

ಮೊದಲು ಕತೆಯನ್ನು ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಶಾಲೆಯ ಪುಸ್ತಕಗಳಲ್ಲಿ ಜಲಿಯನ್‌ವಾಲಾ ಬಾಗಿಗೆ ಒಂದು ಪುಟವಿರುತ್ತದೆ, ಪೆಷಾವರಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು. ನಾನೂ ಕೆಲವು ವರ್ಷ ಹುಡುಗರಿಗೆ ಚರಿತ್ರೆ ಪಾಠ ಹೇಳಿದವನು. ಆಗ ನನಗೂ ಇದು ಗೊತ್ತಿರಲಿಲ್ಲ.

೧೯೧೯ನೆಯ ಇಸವಿ ಏಪ್ರಿಲ್ ೧೩ರಂದು ಅಮೃತಸರದಲ್ಲಿ ಜನರಲ್ ಡಯರ್ ಗುಂಡು ಹಾರಿಸಿ ಎಂದ. ಐವತ್ತು ಬಂದೂಕುಗಳಿಂದ ೧,೬೫೦ ಗುಂಡುಗಳು ಹಾರಿದವು. ಸರಕಾರ ಒಪ್ಪಿಕೊಂಡ ಸಾವಿನ ಲೆಕ್ಕವೇ ೩೭೯. ಡಯರನ ಹೆಸರು ನಮಗೆಲ್ಲ ಬಾಯಿಪಾಠ. ಆದರೆ ಬಂದೂಕಿನ ಕುದುರೆ ಎಳೆದ ಬೆರಳುಗಳು ಯಾರವು? ಅವರು ಇಂಗ್ಲಿಷ್ ಸಿಪಾಯಿಗಳಲ್ಲ. ಈ ದೇಶದ ದಂಡಿನಲ್ಲಿದ್ದ ಗೂರ್ಖರು, ಬಲೂಚಿ ದಳದವರು. ಬಡ ರೈತರ ಮಕ್ಕಳು. ಹೊಟ್ಟೆಪಾಡಿಗೆ ದಂಡು ಸೇರಿದವರು. ಡಯರ್ ಒಬ್ಬನೇ ಆಗಿದ್ದರೆ ಅವನ ಕೈಯಿಂದ ಎಷ್ಟು ಜನರನ್ನು ಕೊಲ್ಲಲು ಆಗುತ್ತಿತ್ತು? ಆ ಐವತ್ತು ಮಂದಿಯಲ್ಲಿ ಹತ್ತು ಮಂದಿ ಬಂದೂಕು ಕೆಳಗಿಳಿಸಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ.

ಹನ್ನೊಂದು ವರ್ಷದ ಮೇಲೆ ಪೆಷಾವರದಲ್ಲಿ ಅದಕ್ಕೆ ಉತ್ತರ ದೊರೆಯಿತು. ೧೯೩೦ರ ಉಪ್ಪಿನ ಸತ್ಯಾಗ್ರಹದ ಕಾಲ. ವಾಯವ್ಯ ಗಡಿನಾಡಿನಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರು ಹಿಂದಿನ ವರ್ಷವೇ ಖುದಾಯಿ ಖಿದ್ಮತ್‌ಗಾರ್ ಎಂಬ ಪಡೆ ಕಟ್ಟಿದ್ದರು. ದೇವರ ಸೇವಕರು ಎಂದು ಅದರ ಅರ್ಥ. ಕೆಂಪು ಅಂಗಿ ತೊಟ್ಟ ಪಠಾಣರು, ಮನೆಮನೆಯಲ್ಲಿ ಬಂದೂಕು ಇಟ್ಟುಕೊಂಡಿದ್ದ ಜನ, ಹೊಡೆದರೂ ತಿರುಗಿ ಹೊಡೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದರು. ಏಪ್ರಿಲ್ ೨೩ರಂದು ಖಾನ್ ಸಾಹೇಬರನ್ನು ಸರಕಾರ ಹಿಡಿಯಿತು. ಪೆಷಾವರದ ಕಾಂಗ್ರೆಸ್ ಮುಂದಾಳುಗಳನ್ನೂ ಹಿಡಿಯಿತು. ಕಿಸ್ಸಾ ಖ್ವಾನಿ ಬಜಾರಿನಲ್ಲಿ, ಎಂದರೆ ಕತೆ ಹೇಳುವವರ ಪೇಟೆಯಲ್ಲಿ, ಜನ ಸೇರಿದರು. ಸರಕಾರ ಉಕ್ಕಿನ ಕವಚದ ಮೋಟಾರುಗಳನ್ನು ಗುಂಪಿನ ಮೇಲೆ ಹರಿಸಿತು. ರೊಚ್ಚಿಗೆದ್ದವರು ಒಂದು ಮೋಟಾರಿಗೆ ಬೆಂಕಿ ಇಟ್ಟರು, ಒಬ್ಬ ಬ್ರಿಟಿಷ್ ಸವಾರನೂ ಸತ್ತ. ಇದನ್ನು ಮುಚ್ಚಿಡಬೇಕಾಗಿಲ್ಲ. ಅನಂತರ ಗುಂಡಿನ ಮಳೆ. ಸತ್ತವರು ಸುಮಾರು ಮೂವತ್ತು ಎಂದಿತು ಸರಕಾರ. ಜನ ಹೇಳಿದ ಲೆಕ್ಕ ನೂರಾರು. ಕಾಂಗ್ರೆಸ್ಸಿನ ಪರವಾಗಿ ವಿಠಲಭಾಯಿ ಪಟೇಲರು ವಿಚಾರಣೆ ನಡೆಸಿ ವರದಿ ಬರೆದರೆ ಸರಕಾರ ಅದನ್ನು ಮುಟ್ಟುಗೋಲು ಹಾಕಿತು.

ಆ ಪೇಟೆಗೆ ಹದಿನೆಂಟನೆಯ ರಾಯಲ್ ಗಢವಾಲ್ ರೈಫಲ್ಸ್‌ನ ಎರಡನೆಯ ಬಟಾಲಿಯನ್ನಿನವರನ್ನೂ ಕರೆಸಿದ್ದರು. ಹಿಮಾಲಯದ ಬೆಟ್ಟದ ಜನ, ಹಿಂದೂಗಳು. ಎದುರಿಗಿದ್ದವರು ಪಠಾಣರು, ಮುಸಲ್ಮಾನರು. ಸರಕಾರದ ಲೆಕ್ಕಾಚಾರ ತಮಗೆ ತಿಳಿಯಿತಲ್ಲವೆ? ಹಿಂದೂ ಸಿಪಾಯಿ ಮುಸಲ್ಮಾನನ ಮೇಲೆ ಗುಂಡು ಹಾರಿಸಲು ಹಿಂದುಮುಂದು ನೋಡುವುದಿಲ್ಲ ಎಂಬ ಲೆಕ್ಕಾಚಾರ. ಒಬ್ಬರನ್ನು ಕೊಲ್ಲಲು ಇನ್ನೊಬ್ಬರನ್ನು ತರುವುದು ಆಳುವವರ ಹಳೆಯ ಬುದ್ಧಿ.

ಅವತ್ತು ಆ ಲೆಕ್ಕ ತಪ್ಪಿತು. ಹವಾಲ್ದಾರ್ ಚಂದ್ರಸಿಂಗ್ ಎಂಬಾತ ಮುಂದೆ ನಿಂತು ತನ್ನವರಿಗೆ ಗುಂಡು ಹಾರಿಸಬೇಡಿ ಎಂದು ಕೂಗಿದ. ಗಢವಾಲಿಗಳು ಬಂದೂಕು ಇಳಿಸಿದರು. ಎರಡು ತುಕಡಿಗಳು ಆಜ್ಞೆಯನ್ನು ಒಪ್ಪಲಿಲ್ಲ. ನಮ್ಮ ಕೆಲಸ ಹೊರಗಿನ ಶತ್ರುವಿನ ಜೊತೆ ಹೋರಾಡುವುದು, ಬರಿಗೈಯಲ್ಲಿ ನಿಂತ ನಮ್ಮ ಅಣ್ಣತಮ್ಮಂದಿರನ್ನು ಕೊಲ್ಲುವುದಲ್ಲ, ಬೇಕಾದರೆ ನಮ್ಮನ್ನೇ ತೋಪಿನ ಬಾಯಿಗೆ ಕಟ್ಟಿ ಹಾರಿಸಿ, ಎಂಬುದು ಅವರ ಮಾತಿನ ಸಾರ. ಮರುದಿನ ಮತ್ತೆ ನಗರದೊಳಕ್ಕೆ ಹೊರಡಿ ಎಂದಾಗ ಅದಕ್ಕೂ ಒಪ್ಪದೆ, ನಮ್ಮನ್ನು ನೌಕರಿಯಿಂದ ಬಿಡುಗಡೆ ಮಾಡಿ ಎಂದು ಬರೆದುಕೊಟ್ಟರು. ಸರಕಾರ ದಿಗಿಲುಗೊಂಡು ನಗರದಿಂದ ದಂಡನ್ನೂ ಪೊಲೀಸರನ್ನೂ ತೆಗೆಯಿತು. ಏಪ್ರಿಲ್ ೨೫ರಿಂದ ಮೇ ೪ರವರೆಗೆ ಪೆಷಾವರ ಜನರ ಕೈಯಲ್ಲಿತ್ತು. ಕೊನೆಗೆ ದೊಡ್ಡ ದಂಡನ್ನೂ ವಿಮಾನಗಳನ್ನೂ ಕೂಡಿಸಿಕೊಂಡು ಬಂದು ಸರಕಾರ ನಗರವನ್ನು ಹಿಂದಕ್ಕೆ ತೆಗೆದುಕೊಂಡಿತು.

ಈ ಚಂದ್ರಸಿಂಗ್ ಹೇಡಿಯಲ್ಲ. ೧೯೧೪ರಲ್ಲಿ ಲ್ಯಾನ್ಸ್‌ಡೌನಿನಲ್ಲಿ ದಂಡು ಸೇರಿ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿಯೂ ಮೆಸೊಪೊಟೇಮಿಯದಲ್ಲಿಯೂ ಹೋರಾಡಿದವರು. ಗುಂಡಿನ ಸದ್ದು ಕೇಳಿ ನಡುಗಿದವರಲ್ಲ. ಗುಂಡು ಯಾರ ಎದೆಗೆ ಎಂದು ಕೇಳಿದವರು, ಅಷ್ಟೆ.

ಅಬಟಾಬಾದಿನಲ್ಲಿ ಕೋರ್ಟ್ ಮಾರ್ಷಲ್ ನಡೆಯಿತು. ಗಢವಾಲಿನ ಬ್ಯಾರಿಸ್ಟರ್ ಮುಕಂದೀಲಾಲರು ಅವರ ಪರವಾಗಿ ವಾದಿಸಿದರು. ಹದಿನೇಳು ಮಂದಿಗೆ ಶಿಕ್ಷೆಯಾಯಿತು. ಒಬ್ಬನಿಗೆ ಹದಿನೈದು ವರ್ಷ, ಹದಿನೈದು ಮಂದಿಗೆ ಮೂರರಿಂದ ಹತ್ತು ವರ್ಷದ ಸಜೆ. ಚಂದ್ರಸಿಂಗರಿಗೆ ಜೀವಾವಧಿ ಕರಿನೀರಿನ ಶಿಕ್ಷೆ.

ಇಲ್ಲಿಯವರೆಗಿನ ಕತೆಗೆ ತಾವು ಚಪ್ಪಾಳೆ ತಟ್ಟಿದಿರಿ. ಇನ್ನು ಮುಂದಿನದಕ್ಕೆ ತಟ್ಟಲಾರಿರಿ.

೧೯೩೧ನೆಯ ಇಸವಿ ಮಾರ್ಚ್ ೫ರಂದು ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಸತ್ಯಾಗ್ರಹದ ಕೈದಿಗಳು ಸಾವಿರಾರು ಸಂಖ್ಯೆಯಲ್ಲಿ ಹೊರಕ್ಕೆ ಬಂದರು. ಊರೂರಲ್ಲಿ ಮೆರವಣಿಗೆ ನಡೆಯಿತು. ಆದರೆ ಆ ಒಪ್ಪಂದದಲ್ಲಿ ಒಂದು ಮಾತಿತ್ತು. ಆಜ್ಞೆ ಮೀರಿದ್ದಕ್ಕಾಗಿ ಶಿಕ್ಷೆ ಅನುಭವಿಸುತ್ತಿರುವ ಸಿಪಾಯಿಗಳಿಗೂ ಪೊಲೀಸರಿಗೂ ಈ ಕ್ಷಮೆ ಅನ್ವಯಿಸುವುದಿಲ್ಲ ಎಂದು. ಅವರ ಸಂಖ್ಯೆ ಬಲು ಕಡಿಮೆ ಎಂದೂ ಅದರಲ್ಲಿಯೇ ಬರೆದಿತ್ತು. ಬಲು ಕಡಿಮೆ! ಆದ್ದರಿಂದ ಬಿಟ್ಟುಬಿಡುವುದು ಸುಲಭವಾಯಿತು. ಒಂದು ಗುಂಡನ್ನೂ ಹಾರಿಸದವರು, ಒಬ್ಬರ ಮೈಯನ್ನೂ ಮುಟ್ಟದವರು, ಅಹಿಂಸೆಯ ಕೈದಿಗಳ ಪಟ್ಟಿಯಲ್ಲಿ ಸೇರಲಿಲ್ಲ. ಚಂದ್ರಸಿಂಗರು ಹೊರಗೆ ಬಂದದ್ದು ೧೯೪೧ರಲ್ಲಿ. ಹನ್ನೊಂದು ವರ್ಷ ಜೈಲಿನಿಂದ ಜೈಲಿಗೆ.

ಗಾಂಧೀಜಿ ಏಕೆ ಒಪ್ಪಿದರು? ನಾನು ಅವರ ಪಾದಧೂಳಿಗೆ ಸಮನಲ್ಲ. ಆದರೆ ಪಾದಧೂಳಿ ಹಚ್ಚಿಕೊಳ್ಳುವವನು ಪ್ರಶ್ನೆ ಕೇಳಬಾರದೆಂದು ಅವರೇ ಹೇಳಿಲ್ಲ. ಇದನ್ನೇ ಫ್ರಾನ್ಸಿನ ಪತ್ರಕರ್ತರೊಬ್ಬರು ಅವರನ್ನು ಕೇಳಿದರು, ಉತ್ತರ ೧೯೩೨ರಲ್ಲಿ ಅಚ್ಚಾಯಿತು. ಉತ್ತರದ ಸಾರ ಇಷ್ಟು: ಸಿಪಾಯಿ ಪ್ರಮಾಣ ಮಾಡಿ ಸೇರಿದವನು, ಗುಂಡು ಹಾರಿಸಲು ಒಪ್ಪದಿದ್ದರೆ ಪ್ರಮಾಣ ಮುರಿದ ಹಾಗೆ, ನಾಳೆ ನಾನು ಅಧಿಕಾರಕ್ಕೆ ಬಂದರೆ ಇದೇ ಸಿಪಾಯಿಗಳಿಂದ ಕೆಲಸ ತೆಗೆದುಕೊಳ್ಳಬೇಕಾದೀತು, ಇಂದು ನಾನು ಅವಿಧೇಯತೆ ಕಲಿಸಿದರೆ ನಾಳೆ ನನ್ನ ಮಾತನ್ನೂ ಅವರು ಮೀರಿಯಾರು.

ಇದೇ ಗಾಂಧೀಜಿ ೧೯೨೧ರಲ್ಲಿ ಬೇರೊಂದು ಮಾತು ಹೇಳಿದ್ದರು. ಆ ವರ್ಷ ಅಲೀ ಸಹೋದರರು, ಬ್ರಿಟಿಷರ ಸೈನ್ಯದಲ್ಲಿ ಇರುವುದು ಮುಸಲ್ಮಾನರಿಗೆ ಧರ್ಮವಲ್ಲ ಎಂದು ಸಾರಿದ್ದಕ್ಕೆ ಕರಾಚಿಯಲ್ಲಿ ಅವರ ಮೇಲೆ ಮೊಕದ್ದಮೆ ನಡೆಯಿತು. ಆಗ ಗಾಂಧೀಜಿ ಅವರ ಪಕ್ಕ ನಿಂತು, ಸಿಪಾಯಿಯಾಗಲಿ ಅಧಿಕಾರಿಯಾಗಲಿ ಈ ಸರಕಾರದ ಸಂಬಂಧ ಕಡಿದುಕೊಳ್ಳುವುದು ಪ್ರತಿಯೊಬ್ಬ ಭಾರತೀಯನ ಕರ್ತವ್ಯವೆಂದು ಯಂಗ್ ಇಂಡಿಯಾದಲ್ಲಿ ಬರೆದರು. ೧೯೨೨ರಲ್ಲಿ ಅವರಿಗೆ ಆರು ವರ್ಷ ಶಿಕ್ಷೆಯಾಗಲು ಕಾರಣವಾದ ಲೇಖನಗಳಲ್ಲಿ ಅದೂ ಒಂದು. ಎರಡು ಮಾತುಗಳನ್ನೂ ಕೂಡಿಸಿ ನೋಡಿದರೆ ಅವರ ಭಾವ ಇದು: ಮನಸ್ಸಾಕ್ಷಿ ಒಪ್ಪದಿದ್ದರೆ ನೌಕರಿ ಬಿಡು, ನೌಕರಿಯಲ್ಲಿದ್ದುಕೊಂಡು ಆಜ್ಞೆ ಮೀರಬೇಡ.

ಕೇಳಲು ನ್ಯಾಯವಾಗಿಯೇ ಇದೆ. ಶಾಲೆಯ ಮೇಷ್ಟರಿಗೆ ಇದು ಸಾಧ್ಯ. ನಾನು ಒಂದು ಕಾಗದ ಬರೆದುಕೊಟ್ಟು ಹೊರಗೆ ಬಂದೆ, ಯಾರೂ ನನ್ನನ್ನು ಸೆರೆಗೆ ಹಾಕಲಿಲ್ಲ. ಸಿಪಾಯಿಗೆ ಹಾಗೆ ಬಿಡಲು ಬರುತ್ತದೆಯೆ? ಅಪ್ಪಣೆ ಇಲ್ಲದೆ ದಂಡು ಬಿಟ್ಟರೆ ಅದೂ ಅಪರಾಧ. ಬಂದೂಕು ಎತ್ತಿ ಗುರಿ ಹಿಡಿ ಎಂದ ಕ್ಷಣದಲ್ಲಿ ಅವನ ಮುಂದೆ ಇರುವುದು ಎರಡೇ ದಾರಿ, ಹಾರಿಸುವುದು ಇಲ್ಲವೆ ಹಾರಿಸದಿರುವುದು. ರಾಜೀನಾಮೆ ಬರೆಯಲು ಆ ಪೇಟೆಯಲ್ಲಿ ಮೇಜು ಕುರ್ಚಿ ಹಾಕಿರಲಿಲ್ಲ. ಗಢವಾಲಿಗಳು ಮೊದಲು ಬಂದೂಕು ಇಳಿಸಿದರು, ಸಮಯ ದೊರೆತ ಮರುದಿನ ನೌಕರಿಯಿಂದ ಬಿಡಿ ಎಂದು ಕೇಳಿದರು. ಇದಕ್ಕಿಂತ ಹೆಚ್ಚಿಗೆ ಅವರು ಏನು ಮಾಡಬೇಕಾಗಿತ್ತು?

ಇನ್ನು ಎರಡನೆಯ ಮಾತು, ನಾಳೆ ನಾನು ಅಧಿಕಾರಕ್ಕೆ ಬಂದರೆ ಎಂಬ ಮಾತು. ಸಂಗಾತಿಗಳೆ, ಇದು ಗಾಂಧೀಜಿಯೊಬ್ಬರ ಕಷ್ಟವಲ್ಲ, ಅಧಿಕಾರದ ಕನಸು ಕಾಣುವ ಎಲ್ಲ ಪಕ್ಷಗಳ ಕಷ್ಟ. ನಮ್ಮದೂ ಸೇರಿ. ೧೯೫೪ರಲ್ಲಿ ತಿರುವಾಂಕೂರು-ಕೊಚ್ಚಿಯಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಮಂತ್ರಿಮಂಡಲವಿತ್ತು, ಪಟ್ಟಂ ತಾಣು ಪಿಳ್ಳೆಯವರು ಮುಖ್ಯಮಂತ್ರಿ. ಆ ಆಗಸ್ಟಿನಲ್ಲಿ ತಮಿಳು ಮಾತಾಡುವ ತಾಲ್ಲೂಕುಗಳ ಚಳವಳಿಗಾರರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಜನ ಸತ್ತರು. ಡಾಕ್ಟರ್ ಲೋಹಿಯಾ ಆಗ ಪಕ್ಷದ ಪ್ರಧಾನ ಕಾರ್ಯದರ್ಶಿ, ನೈನಿ ಜೈಲಿನಲ್ಲಿದ್ದರು. ಅಲ್ಲಿಂದಲೇ ನಮ್ಮ ಮಂತ್ರಿಮಂಡಲ ರಾಜೀನಾಮೆ ಕೊಡಬೇಕೆಂದು ಕೇಳಿದರು. ಪಕ್ಷದ ದೊಡ್ಡವರು ಒಪ್ಪಲಿಲ್ಲ. ಲೋಹಿಯಾ ಪದವಿ ಬಿಟ್ಟರು, ಮುಂದೆ ಪಕ್ಷವೂ ಒಡೆಯಿತು. ಒಂದು ಮಂತ್ರಿಮಂಡಲಕ್ಕಾಗಿ ಇಷ್ಟು ಹಠವೇಕೆ ಎಂದು ಆಗ ನಕ್ಕವರಿದ್ದರು. ಹಠ ಮಂತ್ರಿಮಂಡಲದ್ದಲ್ಲ. ಬ್ರಿಟಿಷರು ಹಾರಿಸಿದರೆ ಕೊಲೆ, ನಾವು ಹಾರಿಸಿದರೆ ಶಾಂತಿಪಾಲನೆ, ಎಂದು ಹೇಳಲು ಅವರ ನಾಲಗೆ ಹೊರಳಲಿಲ್ಲ. ನಾಳೆ ನನ್ನ ಮಾತನ್ನೂ ಮೀರಿಯಾರು ಎಂಬ ಗಾಂಧೀಜಿಯ ಅಂಜಿಕೆಗೆ ನನಗೆ ತೋಚುವ ಉತ್ತರ ಇಲ್ಲಿದೆ. ಮೀರಲಿ. ಬರಿಗೈಯ ಜನರ ಮೇಲೆ ಗುಂಡು ಹಾರಿಸೆಂದು ನಮ್ಮ ಸರಕಾರ ಹೇಳಿದರೆ ನಮ್ಮ ಮಾತನ್ನೂ ಸಿಪಾಯಿ ಮೀರಲಿ.

ದೂರದ ಮಾತು ಎನ್ನಬೇಡಿ. ಪೆಷಾವರದಲ್ಲಿ ಬಂದೂಕು ಇಳಿದು ಎಂಟು ವರ್ಷಕ್ಕೆ, ೧೯೩೮ರ ಏಪ್ರಿಲ್ ೨೫ರಂದು, ನಮ್ಮ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಲೆಕ್ಕ ಸರಕಾರ ಹೇಳಿದ್ದು ಒಂದು, ಜನ ಹೇಳಿದ್ದು ಇನ್ನೊಂದು. ಅಲ್ಲಿ ಯಾವ ಚಂದ್ರಸಿಂಗನ ಹೆಸರೂ ಚರಿತ್ರೆಯಲ್ಲಿ ಉಳಿದಿಲ್ಲ. ಆ ಪೊಲೀಸರಲ್ಲಿ ಒಬ್ಬನಿಗೂ ಕೈ ನಡುಗಲಿಲ್ಲವೆಂದು ನಾನು ಹೇಳಲಾರೆ. ನಡುಗಿದ ಕೈಗೆ ಬೆಂಬಲ ಎಲ್ಲಿತ್ತು ಎಂದು ಕೇಳುತ್ತೇನೆ.

ಬೆಂಬಲವಿಲ್ಲದವನ ಕತೆ ಹೇಗಿರುತ್ತದೆ ನೋಡಿ. ಆಸ್ಟ್ರಿಯಾ ದೇಶದಲ್ಲಿ ಸಾಂಕ್ಟ್ ರಾಡೆಗುಂಡ್ ಎಂಬ ಒಂದು ಹಳ್ಳಿ. ಅಲ್ಲಿ ಫ್ರಾನ್ಸ್ ಯೇಗರ್‌ಷ್ಟೆಟರ್ ಎಂಬ ರೈತ, ಚರ್ಚಿನಲ್ಲಿ ಗಂಟೆ ಹೊಡೆಯುವ ಕೆಲಸವನ್ನೂ ಮಾಡುತ್ತಿದ್ದ. ಹೆಂಡತಿ ಮಕ್ಕಳು, ಹೊಲ, ದನ ಎಲ್ಲ ಇದ್ದವನು. ೧೯೪೩ರಲ್ಲಿ ಹಿಟ್ಲರನ ದಂಡಿಗೆ ಕರೆ ಬಂದಾಗ, ಈ ಅನ್ಯಾಯದ ಯುದ್ಧದಲ್ಲಿ ಹೋರಾಡಲಾರೆ ಎಂದ. ಬಿಷಪರ ಬಳಿಗೂ ಹೋಗಿ ಕೇಳಿದ. ಯುದ್ಧ ನ್ಯಾಯವೋ ಅನ್ಯಾಯವೋ ನಿರ್ಣಯಿಸುವುದು ನಿನ್ನ ಕೆಲಸವಲ್ಲ, ಮನೆ ಮಂದಿಯನ್ನು ನೋಡಿಕೋ, ಎಂಬ ಧಾಟಿಯ ಬುದ್ಧಿವಾದ ಸಿಕ್ಕಿತು. ಊರಿನವರೂ ಅದನ್ನೇ ಹೇಳಿದರು. ಅವನು ಒಪ್ಪಲಿಲ್ಲ. ಆ ವರ್ಷ ಆಗಸ್ಟ್ ೯ರಂದು ಬ್ರಾಂಡೆನ್‌ಬುರ್ಗಿನಲ್ಲಿ ತಲೆ ಕಡಿದರು. ಯುದ್ಧ ಮುಗಿದು ಹಿಟ್ಲರ್ ಸತ್ತ ಮೇಲೂ ಆ ಹೆಂಗಸಿಗೆ ವಿಧವಾ ಪಿಂಚಣಿ ಕೊಡಲು ಸರಕಾರಕ್ಕೆ ೧೯೫೦ರವರೆಗೆ ಮನಸ್ಸು ಬರಲಿಲ್ಲ. ಹಿಟ್ಲರನಿಗಾಗಿ ಸತ್ತವರು ಸೈನಿಕರು, ಹಿಟ್ಲರನಿಗಾಗಿ ಕೊಲ್ಲಲಾರೆ ಎಂದು ಸತ್ತವನು ಏನೂ ಅಲ್ಲ! ೨೦೦೭ರಲ್ಲಿ ಅದೇ ಚರ್ಚು ಅವನನ್ನು ಪುಣ್ಯಪುರುಷನೆಂದು ಘೋಷಿಸಿತು. ಬದುಕಿದ್ದಾಗ ಒಂದು ಮಾತಿನ ಆಸರೆ ಕೊಡದವರು ಅರವತ್ತನಾಲ್ಕು ವರ್ಷದ ಮೇಲೆ ದೀಪ ಹಚ್ಚಿದರು. ನಾವೂ ಚಂದ್ರಸಿಂಗರಿಗೆ ಮಾಡಿದ್ದು ಇದನ್ನೇ. ೧೯೯೪ರಲ್ಲಿ ಅಂಚೆ ಚೀಟಿ ತೆಗೆದೆವು. ಶ್ರೀನಗರ ಗಢವಾಲದ ವೈದ್ಯಕೀಯ ಕಾಲೇಜಿಗೆ ಅವರ ಹೆಸರಿಟ್ಟೆವು. ಆ ವೇಳೆಗೆ ಅವರು ಇರಲಿಲ್ಲ, ೧೯೭೯ರಲ್ಲಿಯೇ ತೀರಿಕೊಂಡಿದ್ದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗಿನಲ್ಲಿ ನಾಜಿ ಮುಖಂಡರ ವಿಚಾರಣೆ ನಡೆಯಿತು. ಮೇಲಿನವರು ಹೇಳಿದರು, ನಾವು ಮಾಡಿದೆವು, ಎಂಬುದು ಎಷ್ಟೋ ಜನರ ಸಮರ್ಥನೆ. ನ್ಯಾಯಾಲಯ ಒಪ್ಪಲಿಲ್ಲ. ಅದರಿಂದ ಬಂದ ತತ್ತ್ವಗಳನ್ನು ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ ೧೯೫೦ರಲ್ಲಿ ಬರೆದಿಟ್ಟಿತು. ನಾಲ್ಕನೆಯ ತತ್ತ್ವದ ಸಾರ: ಮೇಲಿನವರ ಆಜ್ಞೆ ಎಂಬ ಕಾರಣಕ್ಕೆ ಯಾರೂ ಹೊಣೆಯಿಂದ ತಪ್ಪಿಸಿಕೊಳ್ಳಲಾರರು, ಆದರೆ ಅವರಿಗೆ ನೈತಿಕವಾದ ಆಯ್ಕೆ ನಿಜವಾಗಿಯೂ ಸಾಧ್ಯವಿದ್ದಿರಬೇಕು. ನಮ್ಮ ದೇಶದ ೧೯೫೦ರ ಸೈನ್ಯ ಕಾಯಿದೆಯ ನಲವತ್ತೊಂದನೆಯ ಕಲಮಿನಲ್ಲಿಯೂ, ಮೀರಿದರೆ ಅಪರಾಧವಾಗುವುದು ಮೇಲಧಿಕಾರಿಯ ನ್ಯಾಯಸಮ್ಮತವಾದ ಆಜ್ಞೆ ಎಂದಿದೆ. ಬರಿಯ ಆಜ್ಞೆ ಎಂದಿಲ್ಲ. ಸುಬೇದಾರರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಆಯ್ಕೆ ಸಾಧ್ಯವಿದ್ದಿರಬೇಕು ಎಂಬ ಆ ಮಾತನ್ನು ತಾವು ಮತ್ತೊಮ್ಮೆ ಯೋಚಿಸಬೇಕು. ಸಿಪಾಯಿಗೆ ಆಯ್ಕೆಯನ್ನು ಸಾಧ್ಯ ಮಾಡುವವರು ಯಾರು? ಹಿಂದೆ ಮನೆಯಲ್ಲಿ ಸಾಲ, ತಂಗಿಯ ಮದುವೆ, ಮುದಿ ತಾಯಿ. ಮುಂದೆ ಜೈಲು. ಊರಿಗೆ ಹೋದರೆ ದ್ರೋಹಿ ಎಂಬ ಹೆಸರು. ಇಂಥವನಿಗೆ ನಿನ್ನ ಮನಸ್ಸಾಕ್ಷಿಯಂತೆ ನಡೆ ಎಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕೆ? ನೀನು ಕೊಲ್ಲಲು ಒಪ್ಪದಿದ್ದರೆ ನಿನ್ನ ಮನೆಯವರು ಉಪವಾಸ ಬೀಳದಂತೆ ನಾವು ನೋಡಿಕೊಳ್ಳುತ್ತೇವೆ, ನಿನಗೆ ವಕೀಲರನ್ನು ಇಡುತ್ತೇವೆ, ನೀನು ಹೊರಗೆ ಬರುವವರೆಗೆ ನಿನ್ನ ಹೆಸರನ್ನು ಮರೆಯುವುದಿಲ್ಲ, ಎಂದು ಹೇಳುವ ಜನ ಇದ್ದರೆ ಮಾತ್ರ ಆಯ್ಕೆ. ಇಲ್ಲದಿದ್ದರೆ ನಾವು ಅವನಿಂದ ಬರಿಯ ಬಲಿದಾನ ಕೇಳಿದ ಹಾಗೆ.

ಅಂಥ ಜನ ಇದ್ದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆ ಕೊಡುತ್ತೇನೆ, ಅಮೆರಿಕದ್ದು. ೨೦೦೩ರಲ್ಲಿ ಆ ದೇಶ ಇರಾಕಿನ ಮೇಲೆ ದಂಡೆತ್ತಿ ಹೋಯಿತು. ಸಾಮೂಹಿಕ ನಾಶದ ಅಸ್ತ್ರಗಳು ಅಲ್ಲಿವೆ ಎಂದರು, ಹುಡುಕಿದರೆ ಸಿಕ್ಕಲಿಲ್ಲ. ಎಹ್ರೆನ್ ವಟಾಡ ಎಂಬ ಲೆಫ್ಟಿನೆಂಟ್, ಹವಾಯಿಯವರು, ಜಪಾನಿ ಮತ್ತು ಚೀನೀ ಮೂಲದ ಮನೆತನದವರು, ತಾವಾಗಿಯೇ ಸೈನ್ಯ ಸೇರಿದವರು. ೨೦೦೬ರ ಜೂನಿನಲ್ಲಿ ತಮ್ಮ ದಳ ಇರಾಕಿಗೆ ಹೊರಟಾಗ ಹೋಗಲಾರೆ ಎಂದರು. ಎಲ್ಲ ಯುದ್ಧವನ್ನೂ ವಿರೋಧಿಸುವವನಲ್ಲ, ಬೇಕಾದರೆ ಅಫ್ಘಾನಿಸ್ತಾನಕ್ಕೆ ಕಳುಹಿಸಿ, ಈ ಯುದ್ಧ ಕಾನೂನಿಗೆ ವಿರುದ್ಧ, ಇದರಲ್ಲಿ ಸೇರಿದರೆ ನಾನೂ ಅಪರಾಧಿ, ಎಂಬುದು ಅವರ ವಾದ.

ಅವರ ತಂದೆತಾಯಿ ಊರೂರು ತಿರುಗಿ ಸಭೆಗಳಲ್ಲಿ ಮಾತನಾಡಿದರು. ಹಳೆಯ ಯುದ್ಧಗಳಲ್ಲಿ ಹೋರಾಡಿ ಬಂದ ಸೈನಿಕರ ಸಂಘದವರು ತಮ್ಮ ವೇದಿಕೆ ಕೊಟ್ಟರು. ಸೈನ್ಯದ ನೆಲೆಯ ಬಾಗಿಲ ಮುಂದೆ ಜನ ಫಲಕ ಹಿಡಿದು ನಿಂತರು. ಜಪಾನಿ ಮೂಲದ ಅಮೆರಿಕದವರಲ್ಲಿ ದೊಡ್ಡ ವಾದವೇ ಎದ್ದಿತು. ಎರಡನೆಯ ಮಹಾಯುದ್ಧದಲ್ಲಿ ಅವರ ಹಿರಿಯರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದರು, ಆದರೂ ಮಕ್ಕಳು ಅಮೆರಿಕಕ್ಕಾಗಿ ಹೋರಾಡಿ ಹೆಸರು ಗಳಿಸಿದ್ದರು. ಆ ಹಳೆಯ ಸೈನಿಕರಲ್ಲಿ ಅನೇಕರಿಗೆ ಈ ಹುಡುಗನ ಮೇಲೆ ಕೋಪ ಬಂತು, ಬೇರೆಯವರು ಅವನ ಬೆನ್ನಿಗೆ ನಿಂತರು. ವಾದ ನಡೆಯುವುದೂ ಒಳ್ಳೆಯದೇ. ೨೦೦೭ರ ಫೆಬ್ರುವರಿಯಲ್ಲಿ ಕೋರ್ಟ್ ಮಾರ್ಷಲ್ ನಡೆದು ನ್ಯಾಯಾಧೀಶರೇ ವಿಚಾರಣೆಯನ್ನು ಅರ್ಧಕ್ಕೆ ರದ್ದು ಮಾಡಿದರು. ಒಂದೇ ಆಪಾದನೆಗೆ ಎರಡು ಸಲ ವಿಚಾರಣೆ ಸಲ್ಲದೆಂದು ವಕೀಲರು ಹೊರಗಿನ ನ್ಯಾಯಾಲಯಕ್ಕೆ ಹೋದರು, ಅದು ಮರುವಿಚಾರಣೆಯನ್ನು ತಡೆಯಿತು. ೨೦೦೯ರಲ್ಲಿ ಸೈನ್ಯ ಅವರನ್ನು ಗೌರವವಿಲ್ಲದ ರೀತಿಯಲ್ಲಿ ಬಿಡುಗಡೆ ಮಾಡಿತು. ವರ್ಷಗಟ್ಟಲೆ ಜೈಲಾಗಬಹುದಾಗಿದ್ದ ಮೊಕದ್ದಮೆಯಲ್ಲಿ ಶಿಕ್ಷೆಯಾಗಲಿಲ್ಲ. ಗೆದ್ದದ್ದು ಕಾನೂನಿನ ಒಂದು ಅಂಶದಿಂದ, ಜನರ ಕೂಗಿನಿಂದಲ್ಲ ಎಂದು ತಾವು ಹೇಳಬಹುದು. ಸರಿ. ಆದರೆ ಮೂರು ವರ್ಷ ಆ ಮನುಷ್ಯ ಒಂಟಿಯಾಗಿರಲಿಲ್ಲ. ಅದೇ ದೊಡ್ಡದು.

ಈಗ ಸುಬೇದಾರರ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಸಿಪಾಯಿ ತನಗೆ ತೋಚಿದಂತೆ ನಡೆಯಬಹುದೆಂದರೆ ಸೈನ್ಯ ಉಳಿಯುತ್ತದೆಯೆ? ಇವತ್ತು ಒಳ್ಳೆಯ ಕಾರಣಕ್ಕೆ ಆಜ್ಞೆ ಮೀರಿದವರು ನಾಳೆ ಕೆಟ್ಟ ಕಾರಣಕ್ಕೆ ಮೀರಿ ದೇಶವನ್ನೇ ಹಿಡಿದುಕೊಂಡರೆ? ಈ ಭಯ ಸುಳ್ಳಲ್ಲ. ನಮ್ಮ ನೆರೆಯ ದೇಶಗಳಲ್ಲಿ ಸೇನಾಪತಿಗಳು ಸರಕಾರ ಉರುಳಿಸಿದ್ದನ್ನು ನಾವು ಕಂಡಿದ್ದೇವೆ. ಗಲಭೆಯಾದಾಗ ಒಂದು ಜಾತಿಯವರನ್ನೋ ಮತದವರನ್ನೋ ರಕ್ಷಿಸಲು ಮನಸ್ಸು ಮಾಡದೆ ಕೈಕಟ್ಟಿ ನಿಂತ ಪೊಲೀಸರ ಸುದ್ದಿಯನ್ನೂ ಓದಿದ್ದೇವೆ. ಅವರಿಗೂ ಹಾರ ಹಾಕಬೇಕೆ? ಖಂಡಿತ ಬೇಡ.

ಆದ್ದರಿಂದ ನಾನು ಮೂರು ಅಳತೆಗಳನ್ನು ಹೇಳುತ್ತೇನೆ. ಒಂದು, ಅವನು ಬಂದೂಕನ್ನು ಇಳಿಸಿದನೋ, ಇನ್ನೊಂದು ಕಡೆಗೆ ತಿರುಗಿಸಿದನೋ? ಗಢವಾಲಿಗಳು ತಮ್ಮ ಇಂಗ್ಲಿಷ್ ಅಧಿಕಾರಿಯ ಕಡೆಗೆ ಬಂದೂಕು ತಿರುಗಿಸಲಿಲ್ಲ. ಎರಡು, ಅವನು ಓಡಿಹೋದನೋ, ನಿಂತು ಶಿಕ್ಷೆಗೆ ತಲೆಯೊಡ್ಡಿದನೋ? ಮೂರು, ಅವನು ಒಪ್ಪದಿದ್ದುದರಿಂದ ಯಾರ ಜೀವ ಉಳಿಯಿತು? ತನ್ನ ಜಾತಿಯವರದು ಮಾತ್ರವೋ, ತನ್ನವರಲ್ಲವೆಂದು ಹೇಳಿಕೊಟ್ಟಿದ್ದ ಪರರದೋ? ದಂಗೆ ಏಳುವ ಸೇನಾಪತಿ ಮೊದಲನೆಯ ಅಳತೆಯಲ್ಲಿಯೇ ಬೀಳುತ್ತಾನೆ. ಕೈಕಟ್ಟಿ ನಿಂತ ಪೊಲೀಸ್ ಮೂರನೆಯದರಲ್ಲಿ ಬೀಳುತ್ತಾನೆ. ಚಂದ್ರಸಿಂಗ್ ಮೂರರಲ್ಲಿಯೂ ನಿಲ್ಲುತ್ತಾರೆ. ಗಡಿ ಕಾಯುವ ಸಿಪಾಯಿಗೆ ಇವರಿಂದ ಅವಮಾನವಿಲ್ಲ. ಗಡಿ ಕಾಯುವುದೇ ನಮ್ಮ ಕೆಲಸ, ಇದಲ್ಲ, ಎಂದು ಗಢವಾಲಿಗಳೇ ಹೇಳಿದರಲ್ಲವೆ?

ಇನ್ನು ನಾವು ಮಾಡಬೇಕಾದದ್ದು. ಘೋಷಣೆ ಕೂಗಿ ಮನೆಗೆ ಹೋಗುವ ಸಭೆ ಇದಾಗಬಾರದು. ಮೊದಲನೆಯದಾಗಿ, ಮನಸ್ಸಾಕ್ಷಿಗಾಗಿ ಶಿಕ್ಷೆಗೆ ಒಳಗಾದ ಸಿಪಾಯಿಯೋ ಪೊಲೀಸನೋ ಎಲ್ಲಿಯೇ ಇರಲಿ, ಈ ಮೂರು ಅಳತೆಗೆ ನಿಂತರೆ, ಅವನ ಮೊಕದ್ದಮೆಯ ಖರ್ಚಿಗೆ ನಮ್ಮ ಜಿಲ್ಲೆಯಿಂದಲೂ ಹಣ ಹೋಗಬೇಕು. ನಮ್ಮ ವಕೀಲ ಮಿತ್ರರು ಸೈನ್ಯದ ಕಾಯಿದೆಯನ್ನು ಓದಿ ಇಟ್ಟುಕೊಳ್ಳಬೇಕು. ಎರಡನೆಯದಾಗಿ, ಅಂಥವನ ಮನೆಯ ಅಕ್ಕಿ ರಾಗಿ, ಮಕ್ಕಳ ಶಾಲೆಯ ಫೀಸು ನಮ್ಮ ಹೊಣೆ. ಮನೆಯವರನ್ನು ಮರೆತು ಅವನಿಗೆ ಜೈಕಾರ ಹಾಕುವುದು ಮೋಸ. ಮೂರನೆಯದಾಗಿ, ಶಾಲೆಯ ಮೇಷ್ಟರಾಗಿರುವ ಸಂಗಾತಿಗಳು ಪ್ರತಿ ಏಪ್ರಿಲ್ ೨೩ರಂದು ಹುಡುಗರಿಗೆ ಪೆಷಾವರದ ಕತೆ ಹೇಳಬೇಕು. ಜಲಿಯನ್‌ವಾಲಾ ಬಾಗನ್ನು ಹೇಳಿದ ಮೇಲೆ ಇದನ್ನೂ ಹೇಳಿದರೆ, ಗುಂಡು ಹಾರಿಸಿದ ಬೆರಳಿಗೂ ಹಾರಿಸದ ಬೆರಳಿಗೂ ಇರುವ ಭೇದವನ್ನು ಅವರೇ ಕಂಡುಕೊಳ್ಳುತ್ತಾರೆ. ನಾಲ್ಕನೆಯದು ನಮಗೆ ನಾವೇ ಹಾಕಿಕೊಳ್ಳುವ ಕಟ್ಟು. ನಮ್ಮ ಪಕ್ಷಕ್ಕೆ ಎಲ್ಲಿಯಾದರೂ ಅಧಿಕಾರ ಸಿಕ್ಕಿ, ಬರಿಗೈಯ ಜನರ ಮೇಲೆ ಗುಂಡು ಹಾರಿದರೆ, ೧೯೫೪ರ ಪ್ರಶ್ನೆಯನ್ನು ನಾವೇ ಎದ್ದು ನಿಂತು ಕೇಳಬೇಕು. ಕೇಳಿದವನನ್ನು ಶಿಸ್ತಿನ ಹೆಸರಿನಲ್ಲಿ ಹೊರಗೆ ಹಾಕಬಾರದು.

ಚಂದ್ರಸಿಂಗರು ನಮ್ಮ ಪಕ್ಷದವರಲ್ಲ. ಬಿಡುಗಡೆಯಾದ ಮೇಲೆ ಕೆಲಕಾಲ ವರ್ಧಾದಲ್ಲಿ ಗಾಂಧೀಜಿಯ ಬಳಿಯೇ ಇದ್ದರು, ೧೯೪೨ರ ಚಳವಳಿಯಲ್ಲಿ ಮತ್ತೆ ಸೆರೆಗೆ ಹೋದರು, ಅನಂತರ ಕಮ್ಯುನಿಸ್ಟರಾದರು. ತಮ್ಮನ್ನು ಪಟ್ಟಿಯಿಂದ ಬಿಟ್ಟವರ ಆಶ್ರಮಕ್ಕೆ ಹೋಗಿ, ಅವರು ಕರೆದ ಚಳವಳಿಯಲ್ಲಿಯೇ ಮತ್ತೊಮ್ಮೆ ಜೈಲಿಗೆ ಹೋದ ಮನುಷ್ಯನ ಮನಸ್ಸು ಎಷ್ಟು ದೊಡ್ಡದೆಂದು ತಾವೇ ಅಳೆಯಿರಿ. ಇಂಥವರನ್ನು ಗೌರವಿಸಲು ಪಕ್ಷದ ಚೀಟಿ ನೋಡಬೇಕಾಗಿಲ್ಲ.

ನನ್ನ ಮಾತು ಮುಗಿಯಿತು. ಸುಬೇದಾರರು ನಾನು ಹೇಳಿದ್ದಕ್ಕೆ ನಡುನಡುವೆ ತಲೆಯಾಡಿಸಿದರು, ಎರಡು ಕಡೆ ತಲೆ ಅಡ್ಡ ಆಡಿಸಿದ್ದನ್ನೂ ನೋಡಿದೆ. ಆ ಎರಡು ಕಡೆಗಳಲ್ಲಿ ನಾನು ತಪ್ಪಿದ್ದೇನೋ ಏನೋ. ಅಧ್ಯಕ್ಷರ ಅಪ್ಪಣೆ ಪಡೆದು ಅವರು ಇಲ್ಲಿಗೆ ಬಂದು ಮಾತನಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದು ಮುಗಿದ ಮೇಲೆ ಸಂಗಾತಿಗಳು ಸಹಾಯನಿಧಿಯ ಡಬ್ಬಿ ಹಿಡಿದು ಬರುತ್ತಾರೆ. ತಮ್ಮಿಂದಾದಷ್ಟು ಹಾಕಿ.